ಕಾಡುಗೆಲಸಕ್ಕೆ ಕತ್ತಿ, ಗರಗಸಗಳ ಆಯ್ಕೆ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಕನ್ನಡ ಪಾಠ ಹೇಳುವ ನಾವು ಇಂದಿನ ಸಭೆಯಲ್ಲಿ ಛಂದಸ್ಸನ್ನೋ ಕುಮಾರವ್ಯಾಸನನ್ನೋ ಬಿಟ್ಟು ಕತ್ತಿ ಗರಗಸಗಳ ಮಾತನ್ನೆತ್ತಿಕೊಂಡು ನಿಂತಿರುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಅದಕ್ಕೆ ಕಾರಣವುಂಟು. ಹೋದ ವರ್ಷದ ಶಿಬಿರಕ್ಕೆ ಹುಡುಗನೊಬ್ಬನು ಅಂತರ್ಜಾಲದ ಅಂಗಡಿಯಿಂದ ತರಿಸಿದ ದೊಡ್ಡದೊಂದು ಕತ್ತಿಯನ್ನು ತಂದಿದ್ದನು. ಒಂಬತ್ತು ಅಂಗುಲದ ಅಲಗು, ಬೆನ್ನಿನ ಮೇಲೆ ಗರಗಸದಂತಹ ಹಲ್ಲು, ಹಿಡಿಯೊಳಗೆ ಬೆಂಕಿಕಡ್ಡಿ ಇಡುವ ಪೊಳ್ಳು. ಅದರಿಂದ ಗೂಟ ಹೆರೆಯಲು ಹೋದ ಇನ್ನೊಬ್ಬ ಕಿರಿಯನ ಅಂಗೈ ಸೀಳಿ ನಾಲ್ಕು ಹೊಲಿಗೆ ಬಿದ್ದುವು. ಆದುದರಿಂದ ಈ ವರ್ಷ ಮಕ್ಕಳು ಯಾವ ಬಗೆಯ ಕತ್ತಿಯನ್ನೂ ತರಕೂಡದೆಂಬ ಸೂಚನೆ ರಕ್ಷಕರ ಸಭೆಯಲ್ಲಿ ಬಂದಿದೆ. ನಿರ್ಣಯ ಇನ್ನೂ ಆಗಿಲ್ಲ. ತಾಯಂದಿರ ಭಯ ನ್ಯಾಯವಾದುದೇ. ಆದರೂ ಆ ಸೂಚನೆಯನ್ನು ನಾವು ಒಪ್ಪಲಾರೆವು. ಆ ಹುಡುಗನ ಕೈ ಕೊಯ್ದದ್ದು ಕೆಟ್ಟ ಕತ್ತಿ. ಒಳ್ಳೆಯದಾವುದು, ಕೆಟ್ಟದಾವುದು ಎಂಬುದನ್ನು ಹಿರಿಯರಾದ ನಾವು ಹೇಳಿಕೊಡದಿದ್ದರೆ ಮಕ್ಕಳು ಚಿತ್ರ ನೋಡಿಯೇ ಆರಿಸುವರು.

ನಮ್ಮ ಕಾಸರಗೋಡು ಸೀಮೆಯಲ್ಲಿ ಕತ್ತಿಯಿಲ್ಲದ ಮನೆಯಾದರೂ ಎಲ್ಲಿದೆ? ಅಡುಗೆಮನೆಯಲ್ಲಿ ಮೆಟ್ಟುಕತ್ತಿ, ಜಗಲಿಯಲ್ಲಿ ವೀಳ್ಯದ ತಟ್ಟೆಯ ಬಳಿ ಪೀಶಕತ್ತಿ, ಕೊಟ್ಟಿಗೆಯ ಗೋಡೆಗೆ ಸಿಕ್ಕಿಸಿದ ಸೊಪ್ಪುಕಡಿಯುವ ಕತ್ತಿ. ಅಜ್ಜನು ಇವುಗಳಲ್ಲಿ ಯಾವುದನ್ನು ಯಾವ ಕೆಲಸಕ್ಕೆ ಎತ್ತಿಕೊಳ್ಳಬೇಕೆಂದು ಯೋಚಿಸಲೇ ಇಲ್ಲ, ಕೈಗೆ ಗೊತ್ತಿತ್ತು. ಎಂಟನೆಯ ತರಗತಿಯ ಮೊಮ್ಮಗನಿಗೆ ಇವೆಲ್ಲವೂ ‘ಚಾಕು’. ಆ ಶಬ್ದವಾದರೋ ಪಾರಸಿಯ ಕಡೆಯಿಂದ ಬಂದದ್ದು. ಬಂದ ಶಬ್ದವನ್ನು ನಾವು ದೂರುವುದಿಲ್ಲ, ‘ಚೂರಿ’ಯೂ ಸಂಸ್ಕೃತದ ಛುರಿಕೆಯ ತದ್ಭವವೇ. ಆದರೆ ಐದು ವಸ್ತುಗಳಿಗೆ ಒಂದೇ ಹೆಸರು ಉಳಿದಾಗ ಆ ಐದರ ಭೇದವೂ ಕಣ್ಣಿಗೆ ಕಾಣದೆ ಹೋಗುತ್ತದೆ.

ಆಯುಧವನ್ನು ಆರಿಸುವ ಬಗೆಯನ್ನು ನಮ್ಮ ಭಾಷೆಯೇ ಕಲಿಸಿಕೊಡುತ್ತದೆಯೆಂದು ನಮ್ಮ ಅಭಿಪ್ರಾಯ. ವ್ಯಾಕರಣದಲ್ಲಿ ‘ಕತ್ತಿಯಿಂದ’ ಎಂಬುದು ಕರಣ, ತೃತೀಯಾ ವಿಭಕ್ತಿ. ಕರಣವು ಕ್ರಿಯೆಯನ್ನು ಅನುಸರಿಸಿ ಬರತಕ್ಕದ್ದು. ಹಾಗೆಯೇ ಕಾಡುಗೆಲಸದಲ್ಲಿಯೂ ಮೊದಲು ಧಾತುವನ್ನು ಕೇಳಬೇಕು. ಕಡಿಯುವುದೋ, ಕೊಯ್ಯುವುದೋ, ಸೀಳುವುದೋ, ಸವರುವುದೋ, ಹೆರೆಯುವುದೋ, ಕೆತ್ತುವುದೋ? ಮರದ ಮೇಲೆ ಅಲಗು ನಡೆಯುವ ರೀತಿಗೆ ಕನ್ನಡದಲ್ಲಿ ಇಷ್ಟು ಧಾತುಗಳಿರುವಾಗ ಎಲ್ಲಕ್ಕೂ ಒಂದೇ ಕತ್ತಿ ಸಾಕೆನ್ನುವವನು ನಿಘಂಟನ್ನೂ ಓದಿಲ್ಲ, ಕಾಡನ್ನೂ ನೋಡಿಲ್ಲ.

ಹೆರೆಯುವುದಕ್ಕೆ ಮತ್ತು ಕೆತ್ತುವುದಕ್ಕೆ ಬೇಕಾದುದು ಸಣ್ಣ ಕತ್ತಿ. ಡೇರೆಯ ಗೂಟಕ್ಕೆ ಮೊನೆ ಮಾಡುವುದು, ಸೌಟು ಕೆತ್ತುವುದು, ಒಲೆಗೆ ಪುಳ್ಳೆಯನ್ನು ಸಿಬಿರು ಸಿಬಿರಾಗಿ ಎಬ್ಬಿಸುವುದು, ಹಗ್ಗ ಕತ್ತರಿಸುವುದು, ಶಿಬಿರದ ನೂರು ಕೆಲಸಗಳಲ್ಲಿ ತೊಂಬತ್ತು ಇವೇ. ಇದಕ್ಕೆ ನಾಲ್ಕು ಅಂಗುಲದ ಅಲಗು ಸಾಕು. ಅಮೇರಿಕದ ಹೊರೇಸ್ ಕೆಫಾರ್ಟ್ ಎಂಬವರು 1906ರಲ್ಲಿ ಶಿಬಿರಜೀವನದ ವಿಷಯವಾಗಿ ಒಂದು ಪ್ರಸಿದ್ಧ ಗ್ರಂಥವನ್ನು ಬರೆದರು. ಕಾಡಿನಲ್ಲಿಯೇ ಬಹುಕಾಲ ಬಾಳಿದ ಅವರು ತಮಗಾಗಿ ಆರಿಸಿಕೊಂಡ ಕತ್ತಿಯ ಅಲಗು ನಾಲ್ಕೂವರೆ ಅಂಗುಲ ಉದ್ದ, ಒಂದು ಅಂಗುಲ ಅಗಲ. ಬೆನ್ನಿನ ದಪ್ಪ ಅಂಗುಲದ ಎಂಟನೆಯ ಒಂದು ಭಾಗ, ಅಂದರೆ ಸುಮಾರು 3 ಮಿಲಿಮೀಟರು. ಕರಡಿಗಳ ನಾಡಿನಲ್ಲಿದ್ದವರಿಗೆ ಅಷ್ಟು ಸಾಕಾದರೆ ನಮ್ಮ ಮಕ್ಕಳಿಗೆ ಒಂಬತ್ತು ಅಂಗುಲವೇಕೆ? ಅಲಗು ಉದ್ದವಾದಷ್ಟೂ ಅದರ ತುದಿ ಕೈಯಿಂದ ದೂರ ಹೋಗುತ್ತದೆ, ದೂರ ಹೋದಷ್ಟೂ ಕೈಯ ಮಾತನ್ನು ಕೇಳುವುದಿಲ್ಲ.

ಬೆನ್ನು ನೇರವಾಗಿಯೂ ನಯವಾಗಿಯೂ ಇರಬೇಕು. ಕೆತ್ತುವಾಗ ಎಡಗೈಯ ಹೆಬ್ಬೆರಳು ಅಲಗಿನ ಬೆನ್ನನ್ನು ಒತ್ತುವುದರಿಂದಲೇ ಬಲ ಬರುವುದು. ಅಲ್ಲಿ ಹಲ್ಲುಗಳಿದ್ದರೆ ಹೆಬ್ಬೆರಳನ್ನು ಇಡುವುದಾದರೂ ಹೇಗೆ? ಆ ಹಲ್ಲುಗಳಿಂದ ಮರವನ್ನು ಕೊಯ್ಯಲಂತೂ ಬಾರದು. ದಪ್ಪ ಅಲಗಿಗೆ ಕಡೆದ ಆ ಹಲ್ಲುಗಳಿಗೆ ಎಡಬಲದ ಓರೆಯೇ ಇಲ್ಲವಾದ್ದರಿಂದ ಒಂದು ಬೆರಳಗಲ ಇಳಿಯುವಷ್ಟರಲ್ಲಿ ಕಚ್ಚಿ ನಿಲ್ಲುತ್ತವೆ. ಪೊಳ್ಳು ಹಿಡಿಯ ದೋಷ ಇನ್ನೂ ಕೆಟ್ಟದು. ಅಲಗಿನಿಂದ ಹಿಡಿಯೊಳಕ್ಕೆ ಚಾಚುವ ಬಾಲವು ಹಿಡಿಯ ಕೊನೆಯವರೆಗೂ ಹೋಗಿರಬೇಕು. ಪೊಳ್ಳು ಹಿಡಿಯಲ್ಲಿ ಅದಕ್ಕೆ ಜಾಗವೆಲ್ಲಿ? ಬಲ ಬಿದ್ದ ದಿನ ಅಲಗು ಬೇರೆ, ಹಿಡಿ ಬೇರೆ.

ಮಡಚುವ ಕತ್ತಿಯ ವಿಷಯ ಕೇಳುವವರುಂಟು. ಜೇಬಿಗೆ ಅನುಕೂಲ, ನಿಜ. ಆದರೆ ಬೀಗವಿಲ್ಲದ ಮಡಚುಕತ್ತಿಯು ಮೊನೆಯಿಂದ ಒತ್ತಿದಾಗ ಬೆರಳುಗಳ ಮೇಲೆಯೇ ಮುಚ್ಚಿಕೊಳ್ಳುವುದುಂಟು. ಕಲಿಯುವ ಕೈಗೆ ಮಡಚದ ಕತ್ತಿಯೇ ಲೇಸು.

ಇನ್ನು ಉಕ್ಕು. ಯುರೋಪಿನವರು ‘ವೂಟ್ಸ್’ ಎಂದು ಕರೆದು ಕೊಂಡಾಡಿದ ದಕ್ಷಿಣಭಾರತದ ಉಕ್ಕಿನ ಹೆಸರು ಕನ್ನಡದ ‘ಉಕ್ಕು’ ಶಬ್ದದಿಂದಲೇ ಹೊರಟಿತೆಂದು ಅನೇಕ ವಿದ್ವಾಂಸರ ಮತ. ಕಬ್ಬಿಣದಲ್ಲಿ ಇಂಗಾಲವು ನೂರಕ್ಕೆ 0.2ರಷ್ಟೇ ಇದ್ದರೆ ಅದು ಮೆದು. ಎಷ್ಟು ಕಾಸಿ ನೀರಿಗದ್ದಿದರೂ ಅದಕ್ಕೆ ಹದವೇರದು, ಬಾಯಿ ನಿಲ್ಲದು. 0.6ರ ಮೇಲಕ್ಕೆ ಹೋದಾಗ ಕತ್ತಿಗೆ ಯೋಗ್ಯವಾದ ಉಕ್ಕಾಗುತ್ತದೆ. ನಮ್ಮ ಊರುಗಳ ಆಚಾರಿಗಳು ಲಾರಿಯ ಹಳೆಯ ಸ್ಪ್ರಿಂಗಿನ ಪಟ್ಟಿಯನ್ನು ತಂದು ಬಡಿಯುವುದು ಸುಮ್ಮನೆಯಲ್ಲ. ಅದರಲ್ಲಿ ಇಂಗಾಲವು ಸುಮಾರು 0.5ರಿಂದ 0.6ರಷ್ಟಿದ್ದು, ಪೆಟ್ಟು ತಿಂದರೂ ಮುರಿಯದ ಗುಣ ಬಂದಿರುತ್ತದೆ. ಕಡಿಯುವ ಕತ್ತಿಗೆ ಅದಕ್ಕಿಂತ ಒಳ್ಳೆಯ ಪದಾರ್ಥವನ್ನು ಹುಡುಕಬೇಕಾಗಿಲ್ಲ.

ಮಕ್ಕಳು ಒಮ್ಮೆ ಕುಲುಮೆಯ ಮುಂದೆ ಹೋಗಿ ನಿಲ್ಲಬೇಕು. ಕತ್ತಿಯು ಕೆಂಪೇರಿ ಸುಮಾರು 770 ಡಿಗ್ರಿಯ ಕಾವಿಗೆ ಬಂದಾಗ ಅಯಸ್ಕಾಂತಕ್ಕೆ ಅಂಟದಾಗುತ್ತದೆ. ಅದನ್ನು ದಾಟಿ ಇನ್ನೂ ಸ್ವಲ್ಪ ಕಾಸಿ ಅದ್ದಿದರೆ ಅಲಗು ಗಾಜಿನಂತೆ ಗಡುಸಾಗುತ್ತದೆ. ಗಾಜಿನಂತೆಯೇ ಒಡೆಯುತ್ತದೆ ಕೂಡ. ಆದುದರಿಂದ ಮತ್ತೆ ಮೆಲ್ಲನೆ ಕಾಸಬೇಕು. ಉಜ್ಜಿ ಬೆಳ್ಳಗೆ ಮಾಡಿದ ಅಲಗಿನ ಮೇಲೆ ಬಣ್ಣಗಳು ಓಡತೊಡಗುತ್ತವೆ. ಮೊದಲು ಒಣಹುಲ್ಲಿನ ಬಣ್ಣ, ಆಮೇಲೆ ಕಂದು, ನೇರಿಳೆ, ಕಡೆಗೆ ನೀಲಿ. ಹುಲ್ಲಿನ ಬಣ್ಣಕ್ಕೆ ಸುಮಾರು 230 ಡಿಗ್ರಿ, ನೀಲಿಗೆ 300. ಹೆರೆಯುವ ಸಣ್ಣ ಕತ್ತಿಯನ್ನು ಹುಲ್ಲಿನ ಬಣ್ಣದಲ್ಲಿ ನಿಲ್ಲಿಸಬೇಕು. ಪೆಟ್ಟು ತಿನ್ನುವ ಕತ್ತಿಯನ್ನು ಕಂದು ನೇರಿಳೆಗಳವರೆಗೂ ಬಿಡಬೇಕು. ಉಷ್ಣಮಾಪಕವಿಲ್ಲದೆ ಕಣ್ಣಿನಿಂದಲೇ ಇದನ್ನು ಹಿಡಿಯುವ ಆಚಾರಿಯ ವಿದ್ಯೆಯು ನಮ್ಮ ವಿದ್ವಾನ್ ಪದವಿಗಿಂತ ಯಾವ ರೀತಿಯಲ್ಲಿಯೂ ಕಡಮೆಯದಲ್ಲ. ಆ ಕುಲುಮೆಗಳೋ ಒಂದೊಂದಾಗಿ ಆರುತ್ತಿವೆ. ಅಂತರ್ಜಾಲದ ಒಂದು ಕತ್ತಿಯ ಬೆಲೆಗೆ ಊರಿನ ಆಚಾರಿಯಿಂದ ಎರಡು ಕತ್ತಿಗಳನ್ನು ಮಾಡಿಸಬಹುದೆಂಬುದನ್ನು ರಕ್ಷಕರು ಗಮನಿಸಬೇಕಾಗಿ ವಿನಂತಿ.

ಕೊಂಡುಕೊಳ್ಳುವಾಗ ಒಂದು ಪರೀಕ್ಷೆ: ಹರಿತವಾದ ಅರವನ್ನು ಅಲಗಿನ ಬಾಯಿಯ ಮೇಲೆ ಮೆಲ್ಲನೆ ಎಳೆಯಿರಿ. ಕಚ್ಚದೆ ಜಾರಿದರೆ ಹದವೇರಿದೆ, ಬೆಣ್ಣೆಯಂತೆ ಕಚ್ಚಿದರೆ ಮೆದು.

ತುಕ್ಕು ಹಿಡಿಯದ ಉಕ್ಕು ಮೇಲಲ್ಲವೇ ಎಂಬ ಪ್ರಶ್ನೆ ಬರುವುದು ಸಹಜ. ಅದರಲ್ಲಿ ನೂರಕ್ಕೆ ಹತ್ತೂವರೆಗೆ ಕಡಮೆಯಿಲ್ಲದಂತೆ ಕ್ರೋಮಿಯಂ ಸೇರಿರುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮ ಸೀಮೆಯಲ್ಲಿ ಇದು ಉಪಯುಕ್ತವೇ; ಮೀನು ಕೊಯ್ಯುವವರಿಗೆ, ಉಪ್ಪುನೀರಿನ ಬಳಿ ಇರುವವರಿಗೆ ಇದೇ ಬೇಕು. ಸ್ವೀಡನ್ ದೇಶದ ಮೋರಾ ಎಂಬ ಊರಿನಲ್ಲಿ ತಯಾರಾಗುವ ನಾಲ್ಕಂಗುಲದ ಸರಳವಾದ ಕತ್ತಿಗಳು ಎರಡು ಬಗೆಯ ಉಕ್ಕಿನಲ್ಲಿಯೂ ದೊರೆಯುತ್ತವೆ. ಅವುಗಳ ಬಾಯಿಯ ಓರೆ ಅಗಲವಾಗಿ ಚಪ್ಪಟೆಯಾಗಿರುವುದರಿಂದ ಸಾಣೆಕಲ್ಲಿನ ಮೇಲೆ ತಾನಾಗಿಯೇ ಕುಳಿತುಕೊಳ್ಳುತ್ತದೆ. ಮಸೆಯಲು ಬಾರದ ಮಕ್ಕಳಿಗೂ ಇದು ಸುಲಭ. ಆದರೂ ಮಸೆಗಲ್ಲು ಮತ್ತು ತೆಂಗಿನೆಣ್ಣೆ ಇರುವ ಮನೆಯವರಿಗೆ ಇಂಗಾಲದ ಉಕ್ಕೇ ಸಾಕೆಂದು ನಮ್ಮ ಮತ. ಗೇರುಹಣ್ಣಿನ ರಸ, ಮಾವಿನ ಸೊನೆ ತಗಲಿ ಅದು ಕಪ್ಪಾದರೆ ಅಂಜಬೇಕಾದುದಿಲ್ಲ. ಕಪ್ಪು ಬೇರೆ, ಕೆಂಪು ತುಕ್ಕು ಬೇರೆ.

ಕಡಿಯುವ, ಸವರುವ, ಸೀಳುವ ಕೆಲಸಕ್ಕೆ ನಮ್ಮ ಮನೆಗಳ ಬಾಗಿದ ಮೂತಿಯ ಕತ್ತಿಯೇ ಇದೆ. ಮಲೆಯಾಳದ ನೆರೆಯವರು ಇದನ್ನು ವಾಕ್ಕತ್ತಿ ಎನ್ನುತ್ತಾರೆ. ಭಾರವು ಮುಂದಕ್ಕೆ ಇರುವುದರಿಂದ ಅದು ತನ್ನ ತೂಕದಿಂದಲೇ ಇಳಿಯುತ್ತದೆ. ಮುಂದಿನ ಬಾಗು ಬಳ್ಳಿಯನ್ನೂ ಸೊಪ್ಪನ್ನೂ ಜಾರಗೊಡದೆ ಹಿಡಿಯುತ್ತದೆ. ಬಿದಿರು ಸೀಳುವುದಕ್ಕೆ, ಅಡಿಕೆಮರದ ಸಲಾಕೆ ಎಬ್ಬಿಸುವುದಕ್ಕೆ ಇದಕ್ಕೆ ಸಮಾನವಾದ ಆಯುಧವಿಲ್ಲ. ಶಿಬಿರದಲ್ಲಿ ಒಂದು ತಂಡಕ್ಕೆ ಇಂತಹದು ಒಂದು ಸಾಕು, ಅದೂ ಹಿರಿಯ ಹುಡುಗನ ಕೈಯಲ್ಲಿ. ಬಿದಿರಿನ ಮೈಯಲ್ಲಿ ಮರಳಿನ ಅಂಶವೇ ಆದ ಸಿಲಿಕಾ ಇರುವುದರಿಂದ ಬಾಯಿ ಬೇಗ ಮೊಂಡಾಗುತ್ತದೆ, ಮಸೆಗಲ್ಲು ಜೊತೆಗಿರಲಿ.

ಕೊಡಲಿಯ ವಿಷಯವನ್ನು ಬಿಡುವೆವು. ಚಳಿದೇಶದವರು ಇರುಳಿಡೀ ಉರಿಸುವ ಕೊರಡಿಗಾಗಿ ಅದನ್ನು ಹೊರುತ್ತಾರೆ. ಗಂಜಿ ಬೇಯಿಸುವಷ್ಟೇ ಬೆಂಕಿ ಬೇಕಾದ ನಮಗೆ ಅದು ಭಾರ.

ಇನ್ನು ಗರಗಸ. ಈ ಶಬ್ದವು ಸಂಸ್ಕೃತದ ‘ಕ್ರಕಚ’ದ ತದ್ಭವ. ಮಲೆಯಾಳದಲ್ಲಿ ಇದು ‘ಈರ್ಚವಾಳ್’. ಅಲ್ಲಿಯ ‘ವಾಳ್’ ನಮ್ಮ ಹಳಗನ್ನಡದ ‘ಬಾಳ್’, ಎಂದರೆ ಖಡ್ಗ. ಗಡಿಯಲ್ಲಿ ವಾಸಿಸುವ ನಮಗೆ ಇಂತಹ ನೆಂಟಸ್ತಿಕೆಗಳು ದಿನವೂ ಬೀದಿಯಲ್ಲಿ ಸಿಕ್ಕುತ್ತವೆ. ಅದಿರಲಿ. ನಮ್ಮವರು ಕತ್ತಿಯನ್ನು ಬಲ್ಲಷ್ಟು ಗರಗಸವನ್ನು ಬಲ್ಲವರಲ್ಲ. ಅದು ಬಡಗಿಯ ವಸ್ತುವೆಂದು ದೂರವಿಟ್ಟಿದ್ದಾರೆ. ಆದರೆ ಮಕ್ಕಳ ಕೈಗೆ ಕೊಡಬಹುದಾದ ಆಯುಧಗಳಲ್ಲಿ ನಾವು ಗರಗಸಕ್ಕೇ ಅಗ್ರಸ್ಥಾನ ಕೊಡುವೆವು. ಕತ್ತಿಯನ್ನು ಬೀಸಬೇಕು, ಬೀಸಿದ್ದು ತಪ್ಪಿದರೆ ಮೊಣಕಾಲಿಗೆ. ಗರಗಸವನ್ನು ಬೀಸುವ ಮಾತೇ ಇಲ್ಲ. ಮಣಿಕಟ್ಟಿನ ದಪ್ಪದ ಕೊಂಬೆಯನ್ನು ಕತ್ತಿಯಿಂದ ಕಡಿಯುವ ಶ್ರಮದ ಅರ್ಧದಲ್ಲಿ ಅದು ಕೊಯ್ದುಬಿಡುತ್ತದೆ.

ಬಡಗಿಯ ಕೈಗರಗಸವನ್ನು ಮಾತ್ರ ತರಬೇಡಿ. ಅದು ಒಣಗಿದ ಹಲಗೆಗಾಗಿ ಮಾಡಿದ್ದು, ಹಲ್ಲು ಸಣ್ಣ. ಹಸಿಮರದ ಪುಡಿ ಒದ್ದೆಯಾಗಿ ಉಂಡೆಕಟ್ಟಿ ಸಣ್ಣ ಹಲ್ಲುಗಳ ಸಂದನ್ನು ತುಂಬುತ್ತದೆ, ಗರಗಸ ಜಾರುತ್ತದೆ, ಕೊಯ್ಯುವುದಿಲ್ಲ. ಹಸಿಮರಕ್ಕೆ ಅಂಗುಲಕ್ಕೆ ಆರೇಳು ಹಲ್ಲುಗಳ ದೊಡ್ಡ ಸಾಲು ಬೇಕು. ಬಿದಿರಿಗೆ, ಒಣಪುಳ್ಳೆಗೆ ಸಣ್ಣ ಹಲ್ಲು ಒಳ್ಳೆಯದು. ದೊಡ್ಡ ಹಲ್ಲು ಬಿದಿರಿನ ನಾರನ್ನು ಹರಿದುಹಾಕುವುದು. ಹಲ್ಲುಗಳನ್ನು ತುದಿಯಿಂದ ಕಣ್ಣಿಗೆ ಹಿಡಿದು ನೋಡಿದರೆ ಒಂದು ಎಡಕ್ಕೆ, ಒಂದು ಬಲಕ್ಕೆ ಸ್ವಲ್ಪ ವಾಲಿರುವುದು ಕಾಣುತ್ತದೆ. ಆ ವಾಲುವಿಕೆಯಿಂದಲೇ ಕೊಯ್ದ ಸೀಳು ಅಲಗಿಗಿಂತ ಅಗಲವಾಗಿ, ಗರಗಸವು ಸಿಕ್ಕಿಕೊಳ್ಳದೆ ಓಡಾಡುತ್ತದೆ. (ಕೆಲವು ಹೊಸ ಗರಗಸಗಳಲ್ಲಿ ಹಲ್ಲು ವಾಲಿಸುವ ಬದಲು ಬೆನ್ನಿನ ಕಡೆಗೆ ಅಲಗನ್ನೇ ತೆಳ್ಳಗೆ ಮಾಡಿರುತ್ತಾರೆ.)

ಜಪಾನಿನವರ ಗರಗಸಗಳು ಎಳೆಯುವಾಗ ಕೊಯ್ಯುತ್ತವೆ, ಪಾಶ್ಚಾತ್ಯರ ಕೈಗರಗಸಗಳು ತಳ್ಳುವಾಗ. ಒಂದು ಹುಲ್ಲುಕಡ್ಡಿಯನ್ನು ತುದಿಯಿಂದ ತಳ್ಳಿದರೆ ಬಾಗುತ್ತದೆ, ಎಳೆದರೆ ನೇರವಾಗುತ್ತದೆ. ತಳ್ಳುವ ಗರಗಸವು ಬಾಗದಿರಲು ದಪ್ಪವಾಗಿರಬೇಕು. ಎಳೆಯುವ ಗರಗಸ ತೆಳುವಾಗಿದ್ದರೂ ನಡೆಯುತ್ತದೆ, ತೆಳುವಾದಷ್ಟೂ ಪುಡಿಯಾಗಬೇಕಾದ ಮರ ಕಡಮೆ. ಆದುದರಿಂದ ಶಿಬಿರಕ್ಕೆ ನಾವು ಹೇಳುವುದು ಹಿಡಿಯೊಳಕ್ಕೆ ಮಡಚಿಕೊಳ್ಳುವ, ಎಳೆದು ಕೊಯ್ಯುವ, ಏಳೆಂಟು ಅಂಗುಲದ ಗರಗಸ. ತೋಟದವರು ಕೊಂಬೆ ಸವರಲು ಕೊಳ್ಳುವುದೂ ಇದನ್ನೇ. ಪೇಟೆಯ ಕೃಷಿಸಾಮಗ್ರಿಯ ಅಂಗಡಿಗಳಲ್ಲಿ ಸಿಕ್ಕುತ್ತದೆ. ತೆರೆದಾಗ ಅಲಗನ್ನು ಭದ್ರವಾಗಿ ಹಿಡಿಯುವ ಬೀಗ ಇದೆಯೇ ಎಂದು ನೋಡಿ ಕೊಳ್ಳಿರಿ. ಕೊಯ್ಯಬೇಕಾದ ಮರದ ದಪ್ಪದ ಎರಡರಷ್ಟಾದರೂ ಗರಗಸ ಉದ್ದವಿರಬೇಕು, ಇಲ್ಲದಿದ್ದರೆ ಕೈ ಆಡಲು ಎಡೆಯಿರದು. ಹಲ್ಲಿನ ತುದಿಗಳು ನೀಲಿಗಪ್ಪಾಗಿದ್ದರೆ ಅವನ್ನು ವಿಶೇಷವಾಗಿ ಗಡುಸುಗೊಳಿಸಿದ್ದಾರೆಂದು ತಿಳಿಯಿರಿ. ಬಹುಕಾಲ ಹರಿತವಾಗಿರುವುವು, ಆದರೆ ಮೊಂಡಾದ ಮೇಲೆ ಅರಕ್ಕೆ ಬಗ್ಗುವುದಿಲ್ಲ, ಅಲಗನ್ನೇ ಬದಲಿಸಬೇಕು. ಎಳೆಯುವ ಗರಗಸವನ್ನು ತಳ್ಳಿ ಮುರಿಯುವುದು ಹೊಸಬರಿಗೆ ಸಹಜ. ಎಳೆಯುವಾಗ ಬಲ, ಹಿಂದೆ ಬಿಡುವಾಗ ಹಗುರ.

ಕೊಂಬೆಯನ್ನು ಕೊಯ್ಯುವಾಗ ಮೊದಲು ಕೆಳಗಿನಿಂದ ಮೂರರಲ್ಲೊಂದು ಪಾಲು ಕೊಯ್ದು, ಆಮೇಲೆ ಅದಕ್ಕಿಂತ ತುಸು ಹೊರಗಡೆ ಮೇಲಿನಿಂದ ಕೊಯ್ಯಬೇಕು. ಹೀಗೆ ಮಾಡದಿದ್ದರೆ ಕೊಂಬೆ ತನ್ನ ಭಾರಕ್ಕೆ ಮುರಿದು ಬೀಳುವಾಗ ಕಾಂಡದ ತೊಗಟೆಯನ್ನು ಮೊಳದುದ್ದ ಸುಲಿದುಕೊಂಡು ಹೋಗುತ್ತದೆ. ಆ ಗಾಯದಿಂದ ಮರಕ್ಕೆ ರೋಗ. ಎರಡು ಕಡೆ ಆಧಾರವಿದ್ದು ನಡುವೆ ತೂಗುವ ಕೊರಡನ್ನು ಮೇಲಿನಿಂದ ಕೊಯ್ದರೆ ಸೀಳು ಮುಚ್ಚಿಕೊಂಡು ಗರಗಸವನ್ನು ಕಚ್ಚುವುದು. ಅಂತಹದನ್ನು ಕೆಳಗಿನಿಂದ ಮುಗಿಸಬೇಕು.

ಆಯುಧ ಆಯಿತು, ಯಾವ ಮರ? ಡೇರೆಯ ಗೂಟಗಳಿಗೆ ಬೇಲಿಯ ಗೊಬ್ಬರದ ಗಿಡ, ಮಲೆಯಾಳದವರ ಶೀಮಕೊನ್ನ, ಅತ್ಯುತ್ತಮ. ಕೊಯ್ದಷ್ಟೂ ಚಿಗುರುತ್ತದೆ, ಬೇಲಿಯ ಯಜಮಾನನೂ ಬೇಸರಪಡುವುದಿಲ್ಲ, ಕೇಳಿ ಕೊಯ್ದರೆ. ಹೊಲಗೇರಿನ ಮರವನ್ನು ಮಾತ್ರ ಮುಟ್ಟತಕ್ಕದ್ದಲ್ಲ. ಚೇರ್ ಎಂದು ಮಲೆಯಾಳದಲ್ಲಿ ಕರೆಯುವ ಈ ಮರ ಮಾವು ಗೇರುಗಳ ಕುಟುಂಬದ್ದೇ. ಅದರ ಸೊನೆ ತಗಲಿದರೆ ಮೈಯೆಲ್ಲ ಬೊಬ್ಬೆ. ಕಾಸರಗೋಡೆಂಬ ಹೆಸರಿಗೇ ಮೂಲವೆಂದು ಕೆಲವರು ಹೇಳುವ ಕಾಸರಕ ಮರದಲ್ಲಿ ಸ್ಟ್ರಿಕ್ನಿನ್ ಎಂಬ ಘೋರ ವಿಷವಿದೆ. ಅದರಿಂದಲೂ ಕಣಗಿಲೆಯಿಂದಲೂ ಸೌಟು, ಕಡ್ಡಿ ಕೆತ್ತಬಾರದು. ಹೆಸರು ಗೊತ್ತಿಲ್ಲದ ಮರಕ್ಕೆ ಅಲಗು ತಾಗಿಸುವ ಮೊದಲು ಹಿರಿಯರನ್ನು ಕೇಳಬೇಕು.

ಕಾನೂನನ್ನೂ ತಿಳಿದಿರಬೇಕು. 1959ರ ಶಸ್ತ್ರ ಕಾಯಿದೆಯು ಕೇವಲ ಮನೆಗೆಲಸಕ್ಕೂ ಕೃಷಿಗೂ ಮಾಡಿದ ಸಾಧನಗಳನ್ನು ಶಸ್ತ್ರವೆಂದು ಎಣಿಸುವುದಿಲ್ಲ. ಆದರೆ ಅದರ ಕೆಳಗೆ 1962ರಲ್ಲಿ ಬಂದ ನಿಯಮಗಳೇ ಒಂಬತ್ತು ಅಂಗುಲಕ್ಕಿಂತ ಉದ್ದ ಅಥವಾ ಎರಡು ಅಂಗುಲಕ್ಕಿಂತ ಅಗಲವಾದ, ಇಂತಹ ಉಪಯೋಗಕ್ಕಲ್ಲದ ಅಲಗುಗಳನ್ನು ಶಸ್ತ್ರಗಳ ಸಾಲಿಗೆ ಸೇರಿಸಿದವು. ಚಿತ್ರದ ಕತ್ತಿಯನ್ನು ಬೇಡವೆನ್ನಲು ಇದೂ ಒಂದು ಕಾರಣ. ಇನ್ನೊಂದು ಸಂಗತಿ ಹೆಚ್ಚಿನವರಿಗೆ ತಿಳಿಯದು: 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ‘ಆಯುಧ’ವೆಂಬ ಶಬ್ದದ ವ್ಯಾಖ್ಯೆಯೊಳಗೆ ಚೂರಿಯೂ ಬರುತ್ತದೆ, ಅಭಯಾರಣ್ಯಕ್ಕೆ ಲಿಖಿತ ಅಪ್ಪಣೆಯಿಲ್ಲದೆ ಆಯುಧವನ್ನು ಒಯ್ಯಲಾಗದು. ವಯನಾಡಿನ ಅಭಯಾರಣ್ಯಕ್ಕೆ ಪ್ರವಾಸ ಹೋಗುವಾಗ ಪೀಶಕತ್ತಿಯೂ ಮನೆಯಲ್ಲಿಯೇ ಇರಲಿ. ಮೀಸಲು ಅರಣ್ಯದಲ್ಲಿ ಹಸಿ ಕೊಂಬೆಯನ್ನು ಕೊಯ್ಯುವುದೂ ಅಪರಾಧ. ನಮ್ಮ ಶಿಬಿರ ನಡೆಯುವುದು ಖಾಸಗಿ ತೋಟದಲ್ಲಾದ್ದರಿಂದ ಈ ತೊಡಕಿಲ್ಲ.

ಮಕ್ಕಳಿಗೆ ಕತ್ತಿ ಕೊಡುವುದು ನಮ್ಮ ಹೊಸ ಕಲ್ಪನೆಯೇನೂ ಅಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿಯೇ ಸ್ವೀಡನ್ನಿನ ಓಟೋ ಸಾಲೋಮನ್ನರು ಶಾಲೆಯ ಮರಗೆಲಸದ ಪಾಠವನ್ನು ಕತ್ತಿಯಿಂದಲೇ ಆರಂಭಿಸಿದರು. 1937ರಲ್ಲಿ ಗಾಂಧೀಜಿಯವರು ವಾರ್ಧಾದಲ್ಲಿ ಮುಂದಿಟ್ಟ ಮೂಲಶಿಕ್ಷಣದ ತಿರುಳೂ ಕೈಕಸುಬೇ. ನಮ್ಮ ಕಯ್ಯಾರ ಕಿಞ್ಞಣ್ಣ ರೈಗಳು ಪಾಠವನ್ನೂ ಹೇಳಿದರು, ಬೇಸಾಯವನ್ನೂ ಮಾಡಿದರು; ತಮ್ಮ ಆತ್ಮಕಥೆಗೆ ‘ದುಡಿತವೇ ನನ್ನ ದೇವರು’ ಎಂದು ಹೆಸರಿಟ್ಟರು. ಕೈಯಲ್ಲಿ ದುಡ್ಡೆದ್ದ ಕವಿಯನ್ನು ಹೊಗಳುತ್ತ ಮಕ್ಕಳ ಕೈಯಿಂದ ಪೀಶಕತ್ತಿಯನ್ನು ಕಸಿದುಕೊಳ್ಳುವುದು ನಮಗೆ ಸರಿಯೆನಿಸದು.

ಹಾಗೆಂದು ಕಟ್ಟುಪಾಡಿಲ್ಲದೆ ಕೊಡುವುದೂ ಇಲ್ಲ. ಕೈಯನ್ನು ಚಾಚಿ ಸುತ್ತ ತಿರುಗಿದಾಗ ಯಾರೂ ತಗಲದಷ್ಟು ಎಡೆಯಿದ್ದರೆ ಮಾತ್ರ ಒರೆಯಿಂದ ತೆಗೆಯುವುದು. ತೊಡೆಯ ಮೇಲಿಟ್ಟು ಕೆತ್ತಬಾರದು. ತೊಡೆಯ ಒಳಭಾಗದಲ್ಲಿ ದೊಡ್ಡ ರಕ್ತನಾಳ ಹರಿಯುತ್ತದೆ. ಮೊಣಕೈಗಳನ್ನು ಮೊಣಕಾಲುಗಳ ಮೇಲೂರಿ, ಮುಂದಕ್ಕೆ, ಮೈಯಿಂದ ಹೊರಕ್ಕೆ ಹೆರೆಯಬೇಕು. ಒಬ್ಬರಿಗೊಬ್ಬರು ಕೊಡುವುದು ಒರೆಯೊಳಗಿಟ್ಟೇ. ಮರಕ್ಕೆ ಚುಚ್ಚಿ, ನೆಲಕ್ಕೆ ಎಸೆದು ಆಡುವವನ ಕತ್ತಿ ಆ ಕ್ಷಣವೇ ನಮ್ಮ ಪೆಟ್ಟಿಗೆಗೆ. ಮೊಂಡು ಕತ್ತಿಗೆ ಹೆಚ್ಚು ಬಲ ಹಾಕಬೇಕು, ಬಲ ಹಾಕಿದ್ದು ಜಾರಿದರೆ ಕೈಗೇ ಬರುವುದು. ಆದುದರಿಂದ ಹರಿತವಿಲ್ಲದ ಕತ್ತಿಗೂ ಪ್ರವೇಶವಿಲ್ಲ.

ಒರೆಗೆ ದುಡ್ಡು ಹಾಕಬೇಕಾದುದಿಲ್ಲ. ಅಡಿಕೆಯ ಹಾಳೆಯನ್ನು ನೆನೆಯಿಸಿ, ಅಲಗಿನ ಅಳತೆಗೆ ಮಡಚಿ, ಬಾಯಿಯ ಕಡೆಗೆ ಒಂದು ತೆಳು ಬಿದಿರಿನ ಪಟ್ಟಿಯಿಟ್ಟು ಹೊಲಿದು ಒಣಗಿಸಿದರೆ ಗಟ್ಟಿಯಾದ ಒರೆ. ಚರ್ಮದ ಒರೆ ಮಳೆಗಾಲದಲ್ಲಿ ತೇವ ಹಿಡಿದು ಅಲಗಿಗೆ ತುಕ್ಕು ಕೊಡುತ್ತದೆ. ಕೆಲಸ ಮುಗಿದೊಡನೆ ಒರಸಿ ತೆಂಗಿನೆಣ್ಣೆ ಸವರಬೇಕು. ಹಲಸಿನ ಮೇಣ ಹಿಡಿದ ಗರಗಸವನ್ನು ಅದೇ ಎಣ್ಣೆಯಲ್ಲಿ ಒರಸಿದರೆ ಬಿಡುತ್ತದೆ. ಇದನ್ನು ನಾವು ಹೇಳಬೇಕಾಗಿಲ್ಲ, ಹಲಸಿನಹಣ್ಣು ಕೊಯ್ಯುವ ತಾಯಂದಿರು ಬಲ್ಲರು.

ರಕ್ಷಕರು ಒಪ್ಪುವುದಾದರೆ ಬರುವ ಶನಿವಾರ ಸಂಜೆ ನಾಲ್ಕು ಗಂಟೆಗೆ ಮಕ್ಕಳು ತಮ್ಮ ತಮ್ಮ ಕತ್ತಿಯನ್ನು ಬಟ್ಟೆಯಲ್ಲಿ ಸುತ್ತಿ ಶಾಲೆಗೆ ತರಲಿ; ತಂದೆಯೋ ತಾಯಿಯೋ ಜೊತೆಗಿರಲಿ. ಅರವೂ ಸಾಣೆಕಲ್ಲೂ ನಮ್ಮಲ್ಲಿರುತ್ತವೆ. ನಾಲ್ಕೂವರೆ ಅಂಗುಲ ಮೀರಿದವುಗಳನ್ನು ಮನೆಗೆ ಹಿಂತಿರುಗಿಸುವೆವು, ಮೊಂಡಾದುವನ್ನು ಮಸೆಯಲು ಅಲ್ಲಿಯೇ ಕಲಿಸುವೆವು. ಹಾಳೆಗಳನ್ನು ಶುಕ್ರವಾರವೇ ನೆನೆಹಾಕಿಡುವೆವು.